ಫ್ರೆಂಚ್ ಕಿಟಕಿಯ ಮನೆ ಮಾರಾಟಕ್ಕಿದೆ



ಒಂದು ಭಾನುವಾರ ಅಸರ್ ನಮಾಝ್ ಮುಗಿಸಿ ಮಕ್ಕಳ ಪರೀಕ್ಷೆಯ ಹಾಳೆಗಳನ್ನು ಬಿಡಿಸಿ ಕುಳಿತಿದ್ದೆ. ಪಕ್ಕದ ಓಣಿಯ ಖಾಲಾ ಮನೆಯಿಂದ ಹುಡುಗಿಯೊಬ್ಬಳು ಓಡಿ ಬಂದು, "ಟೀಚರ್, ನೀವು ಈಗಲೇ ಬರಬೇಕಂತೆ, ಇಂಗ್ಲಿಷ್ ಓದಬೇಕಂತೆ" ಎಂದಳು. ನಮ್ಮ ಬೇಮಳಖೇಡದಲ್ಲಿ ಇಂಗ್ಲಿಷ್ ಓದುವವರಿಗೆ ಈಗ ಬರವೇನೂ ಇಲ್ಲ. ಆದರೂ ಖಾಲಾಗೆ ನಾನೇ ಆಗಬೇಕು. ಮದ್ರಸದಲ್ಲಿ ಓದಿದವಳು ಬಿ.ಎ.ಯನ್ನೂ ಮಾಡಿದ್ದಾಳೆ, ಸುಳ್ಳು ಅರ್ಥ ಹೇಳಲಾರಳು ಎಂಬುದು ಅವರ ನಂಬಿಕೆ.

ಹೋಗಿ ನೋಡಿದರೆ ತಖ್ತಿನ ಮೇಲೆ ಒಂದು ಪುಸ್ತಕ ಹರಡಿತ್ತು. ದಪ್ಪ ಮಿನುಗು ಕಾಗದ, ಪುಟಪುಟಕ್ಕೂ ಬಣ್ಣದ ಚಿತ್ರ. ಮದುವೆಯ ಆಲ್ಬಮ್ ಎಂದುಕೊಂಡೆ. ಅದು ಮನೆ ಮಾರುವವರ ಪುಸ್ತಕ. ಹೈದರಾಬಾದಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಖಾಲಾನ ಮಗ ತಂದುಕೊಟ್ಟು ಹೋಗಿದ್ದ. ನಗರದ ಹೊರವರ್ತುಲ ರಸ್ತೆಯ ಆಚೆ, ಶಂಕರಪಲ್ಲಿಯ ಕಡೆ, ಗೋಡೆ ಕಟ್ಟಿ ಗೇಟು ಹಾಕಿದ ಬಡಾವಣೆ. ಅದರೊಳಗೆ ಸಾಲಾಗಿ ಬಿಳಿ ಬಂಗಲೆಗಳು. ಮೇಲೆ ಬರೆದದ್ದನ್ನು ನಾನು ಕನ್ನಡದಲ್ಲಿ ಹೇಳಿದೆ: ಫ್ರಾನ್ಸ್ ದೇಶದ ಅರಮನೆಗಳಿಂದ ಸ್ಫೂರ್ತಿ ಪಡೆದ ಐಷಾರಾಮಿ ಮನೆಗಳು, ಎಕ್ಸ್‌ಕ್ಲೂಸಿವ್ ನೆರೆಹೊರೆಯಲ್ಲಿ.

"ಎಕ್ಸ್‌ಕ್ಲೂಸಿವ್ ಅಂದರೇನು?" ಎಂದರು ಖಾಲಾ.

"ಎಲ್ಲರಿಗೂ ಅಲ್ಲ, ಆಯ್ದವರಿಗೆ ಮಾತ್ರ. ಬೇರೆಯವರನ್ನು ಬಿಟ್ಟು."

"ಯಾರನ್ನು ಬಿಟ್ಟು?"

ಇದಕ್ಕೆ ಪುಸ್ತಕದಲ್ಲಿ ಉತ್ತರ ಇರಲಿಲ್ಲ. ನಮ್ಮ ಹೆಸರು ಕೇಳಿದೊಡನೆ ಬಾಡಿಗೆ ಮನೆ ಇದ್ದಕ್ಕಿದ್ದಂತೆ ಭರ್ತಿಯಾಗಿಬಿಡುವುದನ್ನು ನಗರದಲ್ಲಿರುವ ನಮ್ಮ ಎಷ್ಟೋ ಹೆಣ್ಣುಮಕ್ಕಳು ಕಂಡಿದ್ದಾರೆ. ಆ ಮಾತು ಬಾಯಿಗೆ ಬಂತು, ನುಂಗಿಕೊಂಡೆ. ಮಗ ಕಷ್ಟಪಟ್ಟು ದುಡಿದಿದ್ದಾನೆ, ಒಳ್ಳೆಯ ಮನೆಯ ಆಸೆ ಅವನಿಗೇಕೆ ಇರಬಾರದು?

ಬಂಗಲೆಯ ಬೆಲೆ 1 ಕೋಟಿ 60 ಲಕ್ಷ. ಮುಂಗಡ 40 ಲಕ್ಷ, ಉಳಿದದ್ದು ಬ್ಯಾಂಕ್ ಸಾಲ. ಅವನ ಕೈಯಲ್ಲಿರುವುದು 8 ಲಕ್ಷ. ಇನ್ನು 32 ಲಕ್ಷಕ್ಕೆ ಊರಿನ ಹಳೆಯ ಮನೆ ಮಾರಬೇಕು. ಕೊಳ್ಳುವವರೂ ಸಿಕ್ಕಿದ್ದಾರೆ. ಅಮ್ಮಿ ಮತ್ತು ಇಬ್ಬರು ಅಕ್ಕಂದಿರು ಒಂದು ಸಹಿ ಹಾಕಿದರೆ ಸಾಕು ಎಂದು ಹೇಳಿ ಹೋಗಿದ್ದಾನೆ. ಪುಸ್ತಕದ ಕೊನೆಯ ಪುಟಗಳಲ್ಲಿ ಮಡಚಿಟ್ಟ ಇನ್ನೊಂದು ಕಾಗದ ಸಿಕ್ಕಿತು. ಅದು ಕನ್ನಡದಲ್ಲೇ ಇತ್ತು. ಹಕ್ಕು ಬಿಡುಗಡೆ ಪತ್ರದ ಕರಡು.

ಆ ಕಾಗದದ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ಫ್ರೆಂಚ್ ಅರಮನೆಯ ಮಾತು. ನಮ್ಮ ಭಾಗದವರಿಗೆ ಇದು ಹೊಸದಲ್ಲ. ನಮ್ಮ ಅಜ್ಜ ಮುತ್ತಜ್ಜಂದಿರು ಕಟ್ಟಿದ ಕಂದಾಯದಲ್ಲಿ ಇಂಥ ಅರಮನೆಗಳು ಎದ್ದಿವೆ, ಮಾರಾಟವೂ ಆಗಿವೆ.

ಬೀದರ್ ಜಿಲ್ಲೆ 1948ರವರೆಗೆ ನಿಜಾಮರ ಆಡಳಿತದಲ್ಲಿತ್ತು ಎಂಬುದು ಎಲ್ಲರಿಗೂ ಗೊತ್ತು. ಆದರೆ ಜಿಲ್ಲೆಯ ಎಲ್ಲ ಊರುಗಳ ಕಂದಾಯವೂ ನೇರ ನಿಜಾಮರಿಗೆ ಹೋಗುತ್ತಿರಲಿಲ್ಲ. ಕಲ್ಯಾಣದಲ್ಲಿ ಅಲ್ಲಿಯ ನವಾಬರ ಜಾಗೀರು. ನಮ್ಮ ಚಿಟಗುಪ್ಪದ ಕಡೆ ಪಾಯ್ಗಾ ಜಾಗೀರು. ಪಾಯ್ಗಾ ಎಂದರೆ ನಿಜಾಮರಿಗೆ ಕುದುರೆ ಸೈನ್ಯ ಸಾಕಿ ಕೊಡುವ ಅಮೀರರ ಮನೆತನ. ಸೈನ್ಯದ ಖರ್ಚಿಗೆಂದು ಅವರಿಗೆ ಊರುಗಳನ್ನು ಬಿಟ್ಟುಕೊಟ್ಟಿದ್ದರು. ಕಾಲಕ್ರಮದಲ್ಲಿ ಕುದುರೆಗಳು ಕಡಿಮೆಯಾದವು, ಊರುಗಳು ಹಾಗೆಯೇ ಉಳಿದವು. ಈ ಮನೆತನ ಮೂರು ಶಾಖೆಯಾಗಿ ಹೈದರಾಬಾದಿನಲ್ಲಿ ಒಬ್ಬರನ್ನು ಮೀರಿಸಿ ಒಬ್ಬರು ಅರಮನೆ ಕಟ್ಟಿದರು. ಜೋಳ, ತೊಗರಿ ಬೆಳೆದವರು ಈ ಕೆಂಪು ಮಣ್ಣಿನ ಜನ. ಅಮೃತಶಿಲೆಯ ಮೆಟ್ಟಿಲು ಎದ್ದದ್ದು ಅಲ್ಲಿ. ಜಾಗೀರುಗಳು ರದ್ದಾದದ್ದು 1949ರಲ್ಲಿ.

ಈ ಪಾಯ್ಗಾ ಅಮೀರರಲ್ಲಿ ಒಬ್ಬರು ನವಾಬ್ ವಿಕಾರುಲ್ ಉಮ್ರಾ. ಬೀದರ್‌ನಿಂದ ರೈಲಿನಲ್ಲಿ ಹೈದರಾಬಾದಿಗೆ ಹೋಗುವವರಿಗೆ ವಿಕಾರಾಬಾದ್ ಜಂಕ್ಷನ್ ಗೊತ್ತಲ್ಲ, ಆ ಊರಿಗೆ ಇವರದೇ ಹೆಸರು. ಆರನೆಯ ನಿಜಾಮ್ ಮಹಬೂಬ್ ಅಲಿ ಖಾನರ ಸಹೋದರಿಯನ್ನು ಮದುವೆಯಾಗಿದ್ದರು. 1893ರಿಂದ 1901ರವರೆಗೆ ರಾಜ್ಯದ ದಿವಾನರೂ ಆಗಿದ್ದರು. ಚಾರ್‌ಮಿನಾರ್‌ನಿಂದ ಸುಮಾರು 5 ಕಿಲೋಮೀಟರ್ ದೂರದ ಒಂದು ಗುಡ್ಡದ ಮೇಲೆ 1884ರಲ್ಲಿ ಮನೆ ಕಟ್ಟಲು ಪ್ರಾರಂಭಿಸಿದರು. ಅದೇ ಫಲಕ್‌ನುಮಾ. ಆಕಾಶದ ಕನ್ನಡಿ ಎಂಬುದು ಹೆಸರಿನ ಅರ್ಥ. ಎಲ್ಲ ಕೆಲಸ ಮುಗಿಯಲು ಒಂಬತ್ತು ವರ್ಷ ಹಿಡಿಯಿತು. 32 ಎಕರೆ ಜಾಗ. ಮೇಲಿನಿಂದ ನೋಡಿದರೆ ಚೇಳಿನ ಆಕಾರ. ಇಟಲಿಯ ಅಮೃತಶಿಲೆಯ ಮೆಟ್ಟಿಲು, ಒಂದೇ ಪಂಕ್ತಿಯಲ್ಲಿ 101 ಜನ ಕುಳಿತು ಉಣ್ಣುವ ಮೇಜು, ಇಂಗ್ಲೆಂಡಿನ ವಿಂಡ್ಸರ್ ಅರಮನೆಯ ಮಾದರಿಯ ಗ್ರಂಥಾಲಯ. ಅತಿಥಿಗಳನ್ನು ಬರಮಾಡಿಕೊಳ್ಳುವ ಕೋಣೆಯ ಅಲಂಕಾರ ಫ್ರಾನ್ಸಿನ ಲೂಯಿ ದೊರೆಗಳ ಕಾಲದ ರೀತಿಯದು. ಖರ್ಚು 40 ಲಕ್ಷ ರೂಪಾಯಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ರಾಜ್ಯದ ಅತಿ ಶ್ರೀಮಂತರಲ್ಲಿ ಒಬ್ಬರಾದ ಅವರಿಗೇ ಅದು ಮೈಮೇಲೆ ಬಂತು. ಮನೆ ಮುಗಿಯುವಷ್ಟರಲ್ಲಿ ಸಾಲ ತಲೆಯ ಮೇಲೆ ನಿಂತಿತ್ತು.

ಇಲ್ಲಿಂದ ಮುಂದಿನದು ಹೈದರಾಬಾದಿನಲ್ಲಿ ಇಂದಿಗೂ ಹೇಳುವ ಕಥೆ. ದಾರಿ ತೋರಿಸಿದ್ದು ಅವರ ಬೇಗಂ. ನಿಜಾಮರನ್ನು ಮನೆಗೆ ಆಮಂತ್ರಿಸಿ, ಅವರಿಗೆ ಇಷ್ಟವಾದರೆ ಮನೆಯನ್ನೇ ನಜರಾಗಿ ಅರ್ಪಿಸಿಬಿಡಿ, ಮರ್ಯಾದೆಯೂ ಉಳಿಯುತ್ತದೆ, ಸಾಲವೂ ತೀರುತ್ತದೆ ಎಂದರಂತೆ. 1897ರ ಹೊತ್ತಿಗೆ ನಿಜಾಮರು ಬಂದರು, ಉಳಿದರು, ಮನೆಯನ್ನು ಬಹಳ ಮೆಚ್ಚಿದರು. ನವಾಬರು ಮನೆಯನ್ನು ಒಪ್ಪಿಸಿದರು. ನಿಜಾಮರು ಹಣ ಕೊಟ್ಟರು. ಅರ್ಪಣೆ ಎನ್ನಿ, ಮಾರಾಟ ಎನ್ನಿ, ಕಟ್ಟಿಸಿದವರ ಕೈಯಲ್ಲಿ ಮನೆ ಉಳಿದದ್ದು ಕೆಲವೇ ವರ್ಷ. ವಿಕಾರುಲ್ ಉಮ್ರಾ 1902ರಲ್ಲಿ ತೀರಿಕೊಂಡರು.

ನನಗೆ ಈ ಕಥೆಯಲ್ಲಿ ಇಷ್ಟವಾಗುವುದು ಅರಮನೆಯಲ್ಲ, ಬೇಗಂ ಸಾಹಿಬಾ. 101 ಜನರ ಮೇಜು ಬೇಕೋ ಬೇಡವೋ ಎಂದು ಅವರನ್ನು ಯಾರಾದರೂ ಕೇಳಿದ್ದರೋ ಇಲ್ಲವೋ, ಸಾಲ ಕುತ್ತಿಗೆಗೆ ಬಂದಾಗ ಮಾತ್ರ ಅವರ ಬುದ್ಧಿ ಉಪಯೋಗಕ್ಕೆ ಬಂತು. ನಮ್ಮ ಮನೆಗಳಲ್ಲೂ ಸಾಮಾನ್ಯವಾಗಿ ಹೀಗೆಯೇ ಅಲ್ಲವೇ? ಗೃಹಪ್ರವೇಶದ ಬಿರಿಯಾನಿಗೆ ಎಷ್ಟು ಅಕ್ಕಿ ಎಂದು ನಮ್ಮನ್ನು ಕೇಳುತ್ತಾರೆ, ಸಾಲ ಎಷ್ಟು ಎಂದು ಕೇಳುವುದಿಲ್ಲ. ಕಂತು ತಪ್ಪಿದಾಗ ಕೈಯ ಬಳೆ ಕೇಳುತ್ತಾರೆ.

ಫಲಕ್‌ನುಮಾ ಆಮೇಲೆ ನಿಜಾಮರ ರಾಜಾತಿಥಿಗಳ ಮನೆಯಾಯಿತು. ಮಹಬೂಬ್ ಅಲಿ ಖಾನರು 1911ರಲ್ಲಿ ಅಲ್ಲಿಯೇ ತೀರಿಕೊಂಡರು. ರಾಷ್ಟ್ರಪತಿ ರಾಜೇಂದ್ರ ಪ್ರಸಾದರು 1951ರಲ್ಲಿ ಬಂದದ್ದೇ ಕೊನೆಯ ದೊಡ್ಡ ಆತಿಥ್ಯ. ಅನಂತರ ಬಹಳ ಕಾಲ ಬೀಗ. ಬಳಿಕ ತಾಜ್ ಹೋಟೆಲಿನವರು ಗುತ್ತಿಗೆಗೆ ಪಡೆದು, ನಿಜಾಮರ ಮನೆತನದ ಎಸ್ರಾ ಅವರ ಮೇಲ್ವಿಚಾರಣೆಯಲ್ಲಿ ಹತ್ತು ವರ್ಷ ದುರಸ್ತಿ ಮಾಡಿ 2010ರಲ್ಲಿ ಹೋಟೆಲಾಗಿ ತೆರೆದರು. 2014ರಲ್ಲಿ ನಟ ಸಲ್ಮಾನ್ ಖಾನರ ತಂಗಿಯ ಮದುವೆ ಅಲ್ಲಿ ನಡೆದದ್ದು ನಮ್ಮ ಓಣಿಯ ಹುಡುಗಿಯರಿಗೆಲ್ಲ ಬಾಯಿಪಾಠ. ಆ ಅರಮನೆಗೂ ನಮ್ಮ ಚಿಟಗುಪ್ಪಕ್ಕೂ ಒಂದೇ ಮನೆತನದ ಸಂಬಂಧವಿತ್ತು ಎಂದು ಹೇಳಿದರೆ ನಂಬುವುದಿಲ್ಲ.

ಹೈದರಾಬಾದಿನ ಇನ್ನೊಂದು ಮನೆಯನ್ನೂ ಹೇಳಿಬಿಡುತ್ತೇನೆ. ನವಾಬ್ ಫಖ್ರುಲ್ ಮುಲ್ಕ್ ಕಟ್ಟಿಸಿದ ಎರ್ರಂ ಮಂಜಿಲ್. ತೆಲುಗಿನಲ್ಲಿ ಕೆಂಪು ಗುಡ್ಡ ಎಂಬ ಜಾಗದ ಹೆಸರನ್ನೇ ಸ್ವಲ್ಪ ತಿರುಗಿಸಿ, ಫಾರಸಿಯಲ್ಲಿ ಸ್ವರ್ಗೋದ್ಯಾನ ಎಂಬ ಅರ್ಥ ಬರುವಂತೆ ಇರಮ್ ಎಂದರು. 150ಕ್ಕೂ ಹೆಚ್ಚು ಕೋಣೆಗಳು. ಕುರ್ಚಿ ಮೇಜುಗಳು ಫ್ರಾನ್ಸಿನ ಹದಿನಾರನೆಯ ಲೂಯಿಯ ಕಾಲದ ಶೈಲಿಯವು. ಆ ಲೂಯಿಯ ತಲೆಯನ್ನು ಅವನ ಪ್ರಜೆಗಳೇ 1793ರಲ್ಲಿ ಕತ್ತರಿಸಿದರು ಎಂಬುದು ಬೇರೆ ಮಾತು. ಮನೆ ಮುಂದೆ ಸರ್ಕಾರದ ಪಾಲಾಗಿ ಕಡತಗಳ ಉಗ್ರಾಣವಾಯಿತು. ಅದನ್ನು ಕೆಡವಿ ವಿಧಾನಸಭೆ ಕಟ್ಟಲು ತೆಲಂಗಾಣ ಸರ್ಕಾರ 2019ರಲ್ಲಿ ತೀರ್ಮಾನಿಸಿದಾಗ ಜನ ನ್ಯಾಯಾಲಯಕ್ಕೆ ಹೋದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಆ ತೀರ್ಮಾನವನ್ನು ರದ್ದು ಮಾಡಿತು.

ನವಾಬರ ಕಾಲ ಹೋಯಿತು, ಅವರ ತಪ್ಪು ಅವರಿಗೆ ಎನ್ನುವವರು ನಮ್ಮ ಕಾಲದ ವಿಜಯ್ ಮಲ್ಯರನ್ನು ನೋಡಲಿ. ಕರ್ನಾಟಕದಿಂದ ರಾಜ್ಯಸಭೆಗೆ ಹೋದವರು. ಇವರು ಫ್ರೆಂಚ್ ಶೈಲಿಯ ಮನೆ ಕಟ್ಟಲು ಹೋಗಲಿಲ್ಲ, ಫ್ರಾನ್ಸಿನಲ್ಲೇ ಮನೆ ಕೊಂಡರು. ಕಾನ್ ನಗರದ ಎದುರಿನ ಸಮುದ್ರದಲ್ಲಿ ಸೇಂಟ್ ಮಾರ್ಗರಿಟ್ ಎಂಬ ದ್ವೀಪ, ಅದರಲ್ಲಿ ಲೆ ಗ್ರಾಂ ಜಾರ್ದಾಂ ಎಂಬ ಎಸ್ಟೇಟು. ದೊಡ್ಡ ತೋಟ ಎಂದು ಅರ್ಥ. 2008ರಲ್ಲಿ ಕೊಳ್ಳುವಾಗ ಬ್ಯಾಂಕಿನಿಂದ 3 ಕೋಟಿ ಯೂರೋ ಸಾಲ ಪಡೆದಿದ್ದರು. 2020ರ ಹೊತ್ತಿಗೆ ಆ ಸಾಲದ ವ್ಯಾಜ್ಯ ಲಂಡನ್ನಿನ ನ್ಯಾಯಾಲಯದಲ್ಲಿತ್ತು, ಮನೆ ದುರಸ್ತಿಯಿಲ್ಲದೆ ಹಾಳಾಗುತ್ತಿದೆ ಎಂಬ ವಾದವೂ ಅಲ್ಲಿ ಕೇಳಿಬಂತು. ಗೋವಾದ ಅವರ ವಿಲ್ಲಾವನ್ನು ಬ್ಯಾಂಕುಗಳು 2016ರ ಅಕ್ಟೋಬರಿನಲ್ಲಿ 85 ಕೋಟಿ ಚಿಲ್ಲರೆಗೆ ಹರಾಜಿಗಿಟ್ಟಾಗ ಒಬ್ಬರೂ ಬರಲಿಲ್ಲ. ಬೆಲೆ ಇಳಿಸುತ್ತ ಇಳಿಸುತ್ತ 2017ರ ಏಪ್ರಿಲಿನಲ್ಲಿ 73 ಕೋಟಿಗೆ ಒಬ್ಬ ನಟ ಕೊಂಡರು. ಅವರ ವಿಮಾನಗಳು 2012ರಲ್ಲೇ ನಿಂತಿದ್ದವು. ಅದರ ನೌಕರರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಬೀದಿಗಿಳಿದಿದ್ದರು. ಸ್ಪರ್ಧೆಗೆ ಕಟ್ಟಿದ ಮನೆಯನ್ನು ಕೊಳ್ಳುವವರು ಕಡಿಮೆ. ಮಾರಲು ಹೊರಟಾಗಲೇ ಅದು ಗೊತ್ತಾಗುವುದು.

ಸರಿ, ಖಾಲಾನ ತಖ್ತಿನ ಮೇಲಿನ ಪುಸ್ತಕಕ್ಕೆ ಬರೋಣ.

ಚಿತ್ರದಲ್ಲಿದ್ದ ಮನೆಗೆ ಮೂರು ಗುರುತುಗಳು. ಒಂದು, ನೆಲದಿಂದ ಮೇಲಿನವರೆಗೆ ಗಾಜಿನ ಬಾಗಿಲಿನಂಥ ಕಿಟಕಿ. ಅದೇ ಫ್ರೆಂಚ್ ಕಿಟಕಿ. ಇನ್ನೊಂದು, ನಡುವಿನಿಂದ ಅಳೆದು ಎಡಕ್ಕೂ ಬಲಕ್ಕೂ ಒಂದೇ ರೀತಿ ಇಟ್ಟ ಕಂಬ, ಬಾಗಿಲು, ತೋಟ. ಮತ್ತೆ ಕಡಿದಾದ ಇಳಿಜಾರಿನ ಎರಡು ಮಡಿಕೆಯ ಮಾಡು. ಈ ಮಾಡಿಗೆ ಮ್ಯಾನ್ಸರ್ಡ್ ಎಂದು ಹೆಸರು. ಹದಿನೇಳನೆಯ ಶತಮಾನದ ಫ್ರಾಂಸ್ವಾ ಮಾನ್ಸಾರ್ ಎಂಬ ಶಿಲ್ಪಿಯಿಂದ ಬಂದದ್ದು. ಮಾಡಿನ ಹೊಟ್ಟೆಯೊಳಗೆ ಇನ್ನೊಂದು ಅಂತಸ್ತು ಕೂಡಿಸುವ ಉಪಾಯ. ಚಳಿಯ ದೇಶ, ಬಿಸಿಲು ಒಳಗೆ ಬರಬೇಕು, ಮಳೆ ಹಿಮ ಜಾರಬೇಕು, ಅವರಿಗೆ ಅದು ಸರಿ.

ಪ್ಯಾರಿಸ್ ನಗರದಲ್ಲಿ ಈ ಮಾಡಿನ ಕೆಳಗಿನ ಕಿರಿದಾದ ಕೋಣೆಗಳನ್ನು ಕೆಲಸದ ಹೆಂಗಸರಿಗೆ ಕೊಡುತ್ತಿದ್ದರು. ಕೆಳಗಿನ ಅಂತಸ್ತುಗಳಲ್ಲಿ ಯಜಮಾನರ ಮನೆ, ಹಿಂದಿನ ಸಣ್ಣ ಮೆಟ್ಟಿಲು ಹತ್ತಿ ಮೇಲೆ ಹೋದರೆ ಇವರು. ಕಾಲ ಬದಲಾದ ಮೇಲೆ ಅಲ್ಲಿ ವಿದ್ಯಾರ್ಥಿಗಳು, ಒಂಟಿ ಮುದುಕಿಯರು, ವಲಸೆ ಬಂದವರು ಸೇರಿಕೊಂಡರು. 2003ರ ಆಗಸ್ಟಿನಲ್ಲಿ ಫ್ರಾನ್ಸಿನಲ್ಲಿ ಎಂದೂ ಕಾಣದ ಸೆಖೆ ಬಂತು. ಸುಮಾರು 15,000 ಜನ ಸತ್ತರು. ಹೆಚ್ಚಿನವರು ವಯಸ್ಸಾದವರು, ಹೆಂಗಸರೇ ಅಧಿಕ. ಮಕ್ಕಳು ರಜೆಗೆಂದು ಊರು ಬಿಟ್ಟಿದ್ದರು. ಅನಂತರ ವೈದ್ಯರು ಪರಿಶೀಲಿಸಿದಾಗ, ಮಾಡಿನ ಕೆಳಗಿನ ಕೋಣೆಯಲ್ಲಿ ಮಲಗುತ್ತಿದ್ದವರಿಗೆ ಅಪಾಯ ಹೆಚ್ಚು ಎಂದು ಕಂಡುಬಂತು. ಪ್ಯಾರಿಸ್ಸಿನ ಸೆಖೆ ನಮ್ಮ ಮೇ ತಿಂಗಳಿಗೆ ಸಮ ಬಾರದು. ಆದರೆ ಅವರ ಮನೆ ಸೆಖೆಗೆ ಕಟ್ಟಿದ್ದಲ್ಲ.

ಇಲ್ಲಿ ನಾನು ಮನೆಯ ನಕ್ಷೆಯ ಪುಟ ತೆರೆದೆ. ಕೆಳಗೆ ಹಾಲ್, ಊಟದ ಕೋಣೆ, ಅಡುಗೆಮನೆ, ಕೆಲಸದವಳ ಕೋಣೆ. ಮೇಲೆ ಯಜಮಾನರ ಮಲಗುವ ಕೋಣೆ, ಮಕ್ಕಳ ಕೋಣೆ. ಅದರ ಮೇಲೆ, ಆ ಮಾಡಿನ ಹೊಟ್ಟೆಯಲ್ಲಿ, ಸಿನಿಮಾ ನೋಡುವ ಕೋಣೆ ಮತ್ತು ಅತಿಥಿಗಳ ಕೋಣೆ. ಖಾಲಾ ಬೆರಳಿಟ್ಟು ಕೇಳುತ್ತಾ ಬಂದರು. ಪ್ರತಿಯೊಂದನ್ನೂ ಓದಿ ಹೇಳಿದೆ. ಕೊನೆಗೆ ಅವರು ಕೇಳಿದ್ದು ಒಂದೇ ಮಾತು: "ಹಾಗಾದರೆ ನನ್ನದು ಯಾವುದು?"

ಕೆಳಗಿನ ಅಂತಸ್ತಿನಲ್ಲಿ ಮಲಗುವ ಕೋಣೆ ಎಂದರೆ ಕೆಲಸದವಳದ್ದು ಮಾತ್ರ. ಅತಿಥಿಗಳದ್ದು ಮೂರನೆಯ ಅಂತಸ್ತಿನಲ್ಲಿ. ಖಾಲಾಗೆ ಮೊಣಕಾಲು ನೋವು. ಒಂದು ಮೆಟ್ಟಿಲು ಹತ್ತಲು "ಯಾ ಅಲ್ಲಾಹ್" ಎನ್ನುತ್ತಾರೆ. ನಾನು ಸುಮ್ಮನಾದೆ.

ಅವರ ಈಗಿನ ಮನೆ ನೋಡಿ. ಮುರ್ರಂ ಕಲ್ಲಿನ ಗೋಡೆ, ಒಂದು ಮೊಳಕ್ಕಿಂತ ದಪ್ಪ. ಮೇಲೆ ತೊಲೆ ಹಾಕಿ ಮಣ್ಣು ತುಂಬಿದ ಮಾಳಿಗೆ. ಹಗಲ ಬಿಸಿಲನ್ನು ಗೋಡೆ ಕುಡಿದು ರಾತ್ರಿ ನಿಧಾನವಾಗಿ ಬಿಡುತ್ತದೆ. ನಡುವೆ ಅಂಗಳ, ಅಂಗಳದಲ್ಲಿ ಬೇವಿನ ಮರ. ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ, ನೆರಳಿನ ಗಾಳಿ ಕೋಣೆಗಳಿಗೆ ಬರುತ್ತದೆ. ಬೀದಿಗೆ ಕಿಟಕಿ ಕಡಿಮೆ, ಅಂಗಳಕ್ಕೆ ಬಾಗಿಲು ಹೆಚ್ಚು. ಹೊರಗಿನವರ ಕಣ್ಣು ಬೀಳದೆ ಹೆಂಗಸರು ತಲೆಯ ಮೇಲೆ ಆಕಾಶ ಇಟ್ಟುಕೊಂಡು ಕೆಲಸ ಮಾಡಬಹುದು. ತೊಗರಿ ಒಣಗಿಸಬಹುದು, ಉಪ್ಪಿನಕಾಯಿ ಬಿಸಿಲಿಗಿಡಬಹುದು, ನಾಲ್ಕು ಜನ ಬಂದರೆ ಚಾಪೆ ಹಾಸಬಹುದು. ಇದರ ಕೆಟ್ಟದ್ದನ್ನೂ ಹೇಳಬೇಕು. ಮಳೆಗಾಲದಲ್ಲಿ ಮಾಳಿಗೆ ಸೋರುತ್ತದೆ. ಪ್ರತಿ ವರ್ಷ ಮಣ್ಣು ಹಾಕಿಸಬೇಕು, ಹಾಕುವ ಆಳು ಸಿಗುವುದಿಲ್ಲ. ಶೌಚಾಲಯ ಅಂಗಳದ ಆ ಮೂಲೆಯಲ್ಲಿ. ಕತ್ತಲೆ ಕೋಣೆಯಲ್ಲಿ ಚೇಳು ಬರುತ್ತದೆ, ಅರಮನೆಯ ಆಕಾರದ್ದಲ್ಲ, ನಿಜವಾದ ಚೇಳು. ಸೊಸೆಗೆ ಇಲ್ಲಿ ಇರಲು ಮನಸ್ಸಿಲ್ಲ ಎಂದರೆ ನಾನು ಅವಳನ್ನು ದೂರಲಾರೆ.

ಆದರೆ ಅಷ್ಟು ಗಾಜು ಪಡುವಣ ದಿಕ್ಕಿಗಿಟ್ಟ ಮನೆಯಲ್ಲಿ ಏಪ್ರಿಲಿನ ಮಧ್ಯಾಹ್ನ ಹೇಗಿರುತ್ತದೆ ಎಂದು ಅವಳೂ ಒಮ್ಮೆ ಹೋಗಿ ನೋಡಲಿ. ಹಗಲಿಡೀ ಎಸಿ ಹಾಕಬೇಕು. ಹೊರಗಿನವರ ಕಣ್ಣಿಗೆ ಹಗಲಿಡೀ ಪರದೆಯನ್ನೂ ಎಳೆಯಬೇಕು. ಪರದೆ ಎಳೆದ ಫ್ರೆಂಚ್ ಕಿಟಕಿಗಿಂತ ದುಬಾರಿಯಾದ ಗೋಡೆ ಪ್ರಪಂಚದಲ್ಲಿ ಇಲ್ಲ.

ಇನ್ನು ಲೆಕ್ಕ. ಬಡ್ಡಿಯ ವಿಷಯದಲ್ಲಿ ನಮ್ಮ ಧರ್ಮದ ಮಾತು ಓದುಗರಿಗೆ ಗೊತ್ತು. ಮಗನಿಗೂ ಗೊತ್ತು, ನಗರದಲ್ಲಿ ಬೇರೆ ದಾರಿ ಎಲ್ಲಿದೆ ಎಂದು ಅವನು ಕೇಳುತ್ತಾನೆ. ಆ ವಾದವನ್ನು ಇಲ್ಲಿ ಬೆಳೆಸುವುದಿಲ್ಲ, ಅಂಕಿ ಮಾತ್ರ ಹೇಳುತ್ತೇನೆ. 1 ಕೋಟಿ 20 ಲಕ್ಷ ಸಾಲ, ನೂರಕ್ಕೆ 9ರ ಬಡ್ಡಿ, 20 ವರ್ಷ ಎಂದರೆ ತಿಂಗಳ ಕಂತು ಸುಮಾರು 1 ಲಕ್ಷ 8 ಸಾವಿರ. 240 ಕಂತು ಮುಗಿಯುವಾಗ ಕಟ್ಟಿದ ಹಣ 2 ಕೋಟಿ 59 ಲಕ್ಷ. ಅಂದರೆ ಬಡ್ಡಿಯೇ 1 ಕೋಟಿ 39 ಲಕ್ಷ, ಅಸಲಿಗಿಂತ ಹೆಚ್ಚು. ಮೇಲೆ ಬಡಾವಣೆಯ ನಿರ್ವಹಣೆಗೆ ಅಡಿಗೆ ಇಷ್ಟು ಎಂದು ತಿಂಗಳು ತಿಂಗಳು ಬೇರೆ. ಕಂಪ್ಯೂಟರ್ ಕೆಲಸ 20 ವರ್ಷ ಒಂದೇ ರೀತಿ ಇರುತ್ತದೆಯೇ? ಈಗೀಗ ಒಂದು ಇಮೇಲಿನಲ್ಲಿ ಕೆಲಸ ಹೋದ ಹುಡುಗರು ನಮ್ಮ ಭಾಗದಲ್ಲೇ ಇದ್ದಾರೆ.

ಮನೆ ಕೊಳ್ಳುವ ಆಸೆಯಿರುವ ಇತರ ಸಹೋದರಿಯರಿಗೂ ಉಪಯೋಗವಾಗಲಿ ಎಂದು ಒಂದೆರಡು ಮಾತು. 2016ರ ರೇರಾ ಕಾಯಿದೆಯ ಪ್ರಕಾರ ಇಂಥ ದೊಡ್ಡ ಯೋಜನೆಗಳನ್ನು ನೋಂದಾಯಿಸದೆ ಜಾಹೀರಾತು ಕೊಡುವಂತಿಲ್ಲ. ಪುಸ್ತಕದಲ್ಲಿ ಆ ಸಂಖ್ಯೆ ಇದೆಯೇ ಎಂದು ಮೊದಲು ನೋಡಬೇಕು, ಇದ್ದರೆ ಆಯಾ ರಾಜ್ಯದ ರೇರಾ ತಾಣದಲ್ಲಿ ಅದನ್ನು ಹಾಕಿ ಪರೀಕ್ಷಿಸಬೇಕು. ನೋಂದಾಯಿತ ಕರಾರು ಪತ್ರವಾಗದೆ ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. 1 ಕೋಟಿ 60 ಲಕ್ಷಕ್ಕೆ ಅದು 16 ಲಕ್ಷ. ಕರಾರಿಗೆ ಮೊದಲೇ 40 ಲಕ್ಷ ಯಾಕೆ ಎಂದು ಕೇಳಬೇಕು. ಹೇಳುವ ಅಡಿಯಲ್ಲಿ ಗೋಡೆಯೊಳಗೆ ಕಾಲಿಡಲು ಸಿಗುವ ಕಾರ್ಪೆಟ್ ಅಳತೆ ಎಷ್ಟು, ಭೂಮಿ ನಮ್ಮ ಹೆಸರಿಗೆ ಎಷ್ಟು ಗಜ ಬರುತ್ತದೆ ಎಂದು ಬರೆಸಿಕೊಳ್ಳಬೇಕು. ಋಣಭಾರ ಪತ್ರ ತೆಗೆಸಬೇಕು. ಚಿತ್ರದಲ್ಲಿರುವ ಕಾರಂಜಿ ಕರಾರಿನಲ್ಲಿ ಇದೆಯೇ ಎಂದೂ ನೋಡಬೇಕು. ನಗಬೇಡಿ. ಚಿತ್ರದ ಕೆಳಗೆ ಸಾಸಿವೆ ಗಾತ್ರದ ಅಕ್ಷರದಲ್ಲಿ "ಚಿತ್ರಕಾರನ ಕಲ್ಪನೆ" ಎಂದು ಬರೆದಿತ್ತು. ಖಾಲಾಗೆ ಅದನ್ನೂ ಓದಿ ಹೇಳಿದೆ.

ಈಗ ಆ ಕನ್ನಡದ ಕಾಗದ.

ಮರ್ಹೂಮ್ ಖಾಲೂ ತೀರಿಕೊಂಡು ಆರು ವರ್ಷ. ಮನೆ ಇಂದಿಗೂ ಅವರ ಹೆಸರಿನಲ್ಲೇ ಇದೆ. ಬಿಟ್ಟು ಹೋದವರು ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ನಮ್ಮ ಕಾನೂನಿನ ಪ್ರಕಾರ ಮಕ್ಕಳಿರುವ ವಿಧವೆಗೆ ಎಂಟನೆಯ ಒಂದು ಪಾಲು. ಉಳಿದದ್ದರಲ್ಲಿ ಮಗನಿಗೆ ಎರಡು, ಮಗಳಿಗೆ ಒಂದು. ಖಾಲಾಗೆ ಆಣೆಯ ಲೆಕ್ಕ ಚೆನ್ನಾಗಿ ಬರುತ್ತದೆ, ಹಾಗೆಯೇ ಹೇಳಿದೆ. ಮನೆಯನ್ನು ಎರಡು ರೂಪಾಯಿ ಎಂದುಕೊಳ್ಳಿ, 32 ಆಣೆ. ನಿಮಗೆ 4, ಮಗನಿಗೆ 14, ಹೆಣ್ಣುಮಕ್ಕಳಿಗೆ ಏಳೇಳು. ಮನೆ ಹೋಗುವುದೂ 32 ಲಕ್ಷಕ್ಕೆ. ಆಣೆಗೆ ಒಂದು ಲಕ್ಷ.

ಕರಡಿನಲ್ಲಿ ಬರೆದದ್ದು, ತಾಯಿ ಮತ್ತು ಇಬ್ಬರು ಸಹೋದರಿಯರು ಪ್ರೀತಿ ವಿಶ್ವಾಸಗಳಿಂದ, ಯಾವ ಪ್ರತಿಫಲವನ್ನೂ ಪಡೆಯದೆ, ತಮ್ಮ ಹಕ್ಕನ್ನು ಬಿಟ್ಟುಕೊಟ್ಟಿರುತ್ತಾರೆ ಎಂದು. 18 ಆಣೆ ಪ್ರೀತಿ ವಿಶ್ವಾಸ.

ಹಿರಿಯ ಮಗಳು ಬಸವಕಲ್ಯಾಣದಲ್ಲಿ ಹೊಲಿಗೆ ಮಾಡುತ್ತಾಳೆ, ಗಂಡನ ಆರೋಗ್ಯ ಸರಿಯಿಲ್ಲ. ಕಿರಿಯವಳು ಜಹೀರಾಬಾದಿನಲ್ಲಿ. ಇಬ್ಬರಿಗೂ ತಮ್ಮನ ಮೇಲೆ ಪ್ರಾಣ. ಅವನನ್ನು ಓದಿಸಲು ಹಿರಿಯವಳು ಹತ್ತನೇ ತರಗತಿ ಬಿಟ್ಟದ್ದು ನನಗೆ ಗೊತ್ತು, ಅವಳು ನನ್ನ ವಿದ್ಯಾರ್ಥಿನಿ. ಕೇಳಿದರೆ ಸಹಿ ಹಾಕಿಬಿಡುತ್ತಾರೆ. ಕೇಳಿದವನು ತಮ್ಮನಾದರೆ ಹೆಣ್ಣುಮಗಳಿಗೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಇಲ್ಲ ಎಂದರೆ ತವರಿನ ಬಾಗಿಲು ಮುಚ್ಚಿತು ಎಂಬ ಹೆದರಿಕೆ. ಇಲ್ಲಿ ತವರು ಮನೆಯೇ ಮಾರಾಟವಾಗುತ್ತಿದೆ, ಬಾಗಿಲು ಹೇಗೂ ಮುಚ್ಚುತ್ತದೆ.

ಹೈದರಾಬಾದಿನ ಬೇಗಂಪೇಟೆ ಎಂಬ ಹೆಸರು ನಿಜಾಮರ ಮನೆತನದ ಬಶೀರುನ್ನಿಸಾ ಬೇಗಂ ಎಂಬ ಹೆಣ್ಣುಮಗಳಿಂದ ಬಂದದ್ದು. ಪಾಯ್ಗಾ ಮನೆಗೆ ಸೊಸೆಯಾಗಿ ಬರುವಾಗ ತಂದ ಭೂಮಿ. ಫಲಕ್‌ನುಮಾ ಕೈಬಿಟ್ಟ ಮೇಲೆ ವಿಕಾರುಲ್ ಉಮ್ರಾ ಇನ್ನೊಂದು ಮನೆ ಕಟ್ಟಿಸಿದ್ದು ಆ ಬೇಗಂಪೇಟೆಯಲ್ಲೇ. 2008ರಿಂದ 2023ರವರೆಗೆ ಅಮೆರಿಕದ ಕಾನ್ಸುಲೇಟ್ ಕಚೇರಿ ಅದರಲ್ಲಿತ್ತು. ಗಲ್ಫ್ ಬಿಟ್ಟು ಅಮೆರಿಕಕ್ಕೆ ಹೊರಟ ನಮ್ಮ ಎಷ್ಟೋ ಹುಡುಗರು ವೀಸಾಕ್ಕೆ ಅಲ್ಲೇ ಸಾಲು ನಿಂತಿದ್ದಾರೆ. ಇದನ್ನು ಹೇಳಿದಾಗ ಖಾಲಾ, "ನಮ್ಮ ಓಣಿಗೆ ಯಾರೂ ನನ್ನ ಹೆಸರು ಇಡುವುದಿಲ್ಲ, ಬಿಡು" ಎಂದು ನಕ್ಕರು.

ನಾನು ಸಹಿ ಹಾಕಬೇಡಿ ಎಂದು ಹೇಳಲಿಲ್ಲ. ಅದು ಅವರ ಮನೆ, ಅವರ ಮಗ. ಬಿಟ್ಟುಕೊಡುವುದೂ ಅವರ ಹಕ್ಕೇ. ಆದರೆ ನೋಂದಣಿ ಅಧಿಕಾರಿಯ ಮುಂದೆ ಹೆಬ್ಬೆಟ್ಟು ಬಿದ್ದ ಮೇಲೆ ಅದನ್ನು ಹಿಂತೆಗೆದುಕೊಳ್ಳುವುದು ಸುಲಭವಲ್ಲ ಎಂದೆ. ಮೊದಲು ಪಂಚಾಯತಿಯ ಇ-ಸ್ವತ್ತು ದಾಖಲೆಯಲ್ಲಿ ನಾಲ್ವರ ಹೆಸರೂ ಬರಲಿ ಎಂದೆ. ಮಾರುವುದಾದರೆ ನಾಲ್ವರೂ ಸೇರಿ ಮಾರಿ, ಹಣ ನಾಲ್ಕು ಖಾತೆಗೆ ಬರಲಿ, ಆಮೇಲೆ ತಮ್ಮನಿಗೆ ಕೊಡುವ ಮನಸ್ಸಾದರೆ ಕೈಯಾರೆ ಕೊಡಲಿ, ಸಾಲವೋ ಉಡುಗೊರೆಯೋ ಎಂದು ಬರೆದುಕೊಡಲಿ ಎಂದೂ ಹೇಳಿದೆ. ಹೊಸ ಮನೆಯ ಪತ್ರದಲ್ಲಿ ತಾಯಿಯ ಹೆಸರು ಸೇರುತ್ತದೆಯೇ, ಕೆಳಗಿನ ಅಂತಸ್ತಿನಲ್ಲಿ ಅವರಿಗೆ ಒಂದು ಕೋಣೆ ಮಾಡುತ್ತಾನೆಯೇ ಎಂದು ಅವನನ್ನೇ ಕೇಳಿ ಎಂದೆ.

ಮಗರಿಬ್ ಆಝಾನ್ ಆಯಿತು. ಖಾಲಾ ವುಝೂ ಮಾಡಲು ಎದ್ದರು, ಮತ್ತೆ ಕುಳಿತರು. "ಕೇಳಿದರೆ ಅವನಿಗೆ ಬೇಸರ ಆಗುತ್ತದೆ" ಎಂದರು. "ಕೇಳದಿದ್ದರೆ ನಿಮಗೆ ಆಗುತ್ತದೆ" ಎಂದೆ. ಆ ಮಾತು ಸ್ವಲ್ಪ ಗಟ್ಟಿಯಾಯಿತೇನೋ ಎಂದು ಮನೆಗೆ ಬಂದ ಮೇಲೆ ಅನ್ನಿಸಿತು.

ಮೂರು ದಿನ ಬಿಟ್ಟು ಅದೇ ಹುಡುಗಿ ಮತ್ತೆ ಬಂದಳು. ಖಾಲಾ ಮಗನಿಗೆ ಫೋನ್ ಮಾಡಿಸಿದ್ದಾರಂತೆ. ಮುಂದಿನ ಜುಮಾ ಮುಗಿಸಿ ಬಾ, ಅಕ್ಕಂದಿರಿಗೂ ಬರಲು ಹೇಳಿದ್ದೇನೆ, ಆ ಮನೆಯ ನಕ್ಷೆಯನ್ನು ಎಲ್ಲರಿಗೂ ಕಾಣುವಷ್ಟು ದೊಡ್ಡದಾಗಿ ತೆಗೆಸಿಕೊಂಡು ಬಾ ಎಂದಿದ್ದಾರೆ. ನನ್ನನ್ನೂ ಕರೆದಿದ್ದಾರೆ, ಇಂಗ್ಲಿಷ್ ಓದಲು.